ಎಣ್ಣೆ ಬೆನ್ನಿಗೆ ಹಾರುವುದಿಲ್ಲ

ನನ್ನ ರೋಗಿಗಳು ಮಾತ್ರೆ ತಪ್ಪಿಸುತ್ತಿರಲಿಲ್ಲ. ಈ ಮಾತನ್ನು ಆ ಕಾಲದಲ್ಲಿ ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಕಾರ್ಕಳದಲ್ಲಿ ಧರ್ಮಸಂಸ್ಥೆಯೊಂದು ನಡೆಸುತ್ತಿದ್ದ ಸಣ್ಣ ಕ್ಷಯದ ದವಾಖಾನೆಯಲ್ಲಿ ನಾನು ನರ್ಸು. ಡಾಕ್ಟರು ಉಡುಪಿಯಿಂದ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿದ್ದರು. ಉಳಿದ ದಿನಗಳಲ್ಲಿ ಕಫ ಪರೀಕ್ಷೆ, ಇಂಜೆಕ್ಷನ್, ಮಾತ್ರೆಯ ಕೌಂಟರು, ಬಾರದವರ ಮನೆ ಹುಡುಕಿಕೊಂಡು ಹೋಗುವುದು, ಎಲ್ಲವೂ ನನ್ನ ತಲೆಯ ಮೇಲೆ. ಅದು ನನಗೆ ಭಾರವಾಗಿರಲಿಲ್ಲ, ನಿಜ ಹೇಳುವುದಾದರೆ ಬಹಳ ಇಷ್ಟವೇ ಆಗಿತ್ತು. ಡಾಕ್ಟರು ಇಲ್ಲದ ದಿನ ಆ ಎರಡು ಕೋಣೆಗಳಿಗೆ ನಾನೇ ರಾಣಿ.

ಆಗಿನ ಚಿಕಿತ್ಸೆ ಹೀಗಿತ್ತು. ಎರಡು ಔಷಧಗಳನ್ನು ಸೇರಿಸಿ ಮಾಡಿದ ಒಂದು ಬಿಳಿ ಮಾತ್ರೆ, ದಿನಕ್ಕೊಂದರಂತೆ ಒಂದೂವರೆ ವರ್ಷ. ಅದರಲ್ಲಿದ್ದ ಒಂದು ಔಷಧ ಐಸೋನಿಯಾಜಿಡ್, ಇನ್ನೊಂದು ಥಯಾಸಿಟಜೋನ್. ಕಫದಲ್ಲಿ ರೋಗಾಣು ಕಂಡವರಿಗೆ ಮೊದಲ ಎರಡು ತಿಂಗಳು ವಾರಕ್ಕೆರಡು ಸಲ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಬೇರೆ. ಕಷ್ಟವೆಂದರೆ ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತು, ಹಸಿವು ಹುಟ್ಟಿ, ಮೈ ತುಂಬಿಕೊಳ್ಳುತ್ತಿತ್ತು. ಗುಣವಾಯಿತೆಂದು ರೋಗಿ ಮಾತ್ರೆ ಬಿಡುತ್ತಿದ್ದ. ಆರು ತಿಂಗಳಿಗೆ ರೋಗ ಇನ್ನಷ್ಟು ಗಟ್ಟಿಯಾಗಿ ಮರಳುತ್ತಿತ್ತು. ಹಾಗಾಗಿ ನನ್ನ ಯುದ್ಧವೆಲ್ಲ ಮಾತ್ರೆ ಬಿಡುವವರ ಮೇಲೆ.

ನನ್ನ ಊರು ಕಾಪು. ಶನಿವಾರ ಮನೆಗೆ ಹೋದರೂ ನನ್ನ ಕೈಚೀಲದಲ್ಲಿ ಮಾತ್ರೆಯ ಪೊಟ್ಟಣವಿರುತ್ತಿತ್ತು. ಒಮ್ಮೆ ತಿಂಗಳ ಮಾತ್ರೆ ಒಯ್ಯಲು ಬಾರದ ಮೀನುಗಾರನೊಬ್ಬನನ್ನು ಕಾಪುವಿನ ಮರಳಿನ ಮೇಲೆ, ರಂಪಣಿ ಬಲೆ ಎಳೆಯುತ್ತಿದ್ದ ಸಾಲಿನ ನಡುವೆಯೇ ಹಿಡಿದಿದ್ದೆ. ಬಲೆಯ ಹಗ್ಗ ಬಿಡುವ ಹಾಗಿಲ್ಲ, ನನ್ನಿಂದ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಬಾಯಿ ತೆರೆಸಿ ಮಾತ್ರೆ ಹಾಕಿ, ಅವನ ಪಕ್ಕದವನ ಬಾಟಲಿಯಿಂದ ನೀರು ಕುಡಿಸಿದೆ. ಇಡೀ ಸಾಲು ನಕ್ಕಿತು, ಅವನೂ ನಕ್ಕ.

ಪ್ರತಿ ರೋಗಿಗೂ ನಾನು ಎರಡು ವಿಷಯ ಬಾಯಿಪಾಠ ಮಾಡಿಸುತ್ತಿದ್ದೆ. ಒಂದು, ಮಾತ್ರೆ ನುಂಗಿದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಪೆನ್ಸಿಲಿನ ಗೆರೆ ಎಳೆಯಬೇಕು. ಎರಡು, ಸಮುದ್ರ ಕಾರ್ಕಳದವರೆಗೆ ಬಂದರೂ ಮಾತ್ರೆ ನಿಲ್ಲಿಸಬಾರದು. ಎರಡನೆಯದನ್ನು ನಾನು ಎಷ್ಟು ಸಲ ಹೇಳಿದ್ದೆನೆಂದರೆ ಬೆಂಚಿನಲ್ಲಿ ಕುಳಿತ ರೋಗಿಗಳು ನನಗಿಂತ ಮೊದಲೇ ಹೇಳಿ ಮುಗಿಸುತ್ತಿದ್ದರು.

ಅಂಥ ದಿನಗಳಲ್ಲಿ ಅವಳು ಬಂದಳು. ಇಪ್ಪತ್ತನಾಲ್ಕು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ನಿಟ್ಟೆಯ ದಾರಿಯಲ್ಲಿ ಮನೆ, ಮನೆಯಲ್ಲಿ ಅವಳು ಮತ್ತು ಅವಳ ತಾಯಿ, ಇಬ್ಬರೇ. ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುವ ಕೆಲಸ. ಹುರಿದ ಬೀಜವನ್ನು ಕಲ್ಲಿನ ಮೇಲೆ ನಿಲ್ಲಿಸಿ ಮರದ ಸುತ್ತಿಗೆಯಿಂದ ಒಂದೇ ಏಟು, ಒಳಗಿನ ತಿರುಳು ಮುರಿಯಬಾರದು. ಬೀಜದ ಸಿಪ್ಪೆಯಲ್ಲಿ ಎಣ್ಣೆ ಉಂಟು. ಅದು ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗುಳ್ಳೆ ಏಳುತ್ತದೆ, ಆಮೇಲೆ ಕಪ್ಪು ಕಲೆಯಾಗುತ್ತದೆ. ಹೆಂಗಸರು ಕೈಗೆ ಬೂದಿ ಬಳಿದುಕೊಂಡು ಕುಳಿತರೂ ಬೆರಳುಗಳು ಸುಟ್ಟು ಕಪ್ಪಾಗಿರುತ್ತವೆ. ಕಾರ್ಕಳದಲ್ಲಿ ಹೆಂಗಸರ ಕೈ ನೋಡಿ ಕೆಲಸ ಹೇಳುವುದು ನನಗೆ ಕಷ್ಟವೇ ಅಲ್ಲ.

ಮೂರು ತಿಂಗಳ ಕೆಮ್ಮು, ಸಂಜೆಯ ಜ್ವರ. ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನಾನೇ ನೋಡಿದೆ. ರೋಗಾಣುವಿನ ಕೆಂಪು ಕಡ್ಡಿಗಳು ತುಂಬಿದ್ದವು. ಡಾಕ್ಟರು ಚೀಟಿ ಬರೆದರು, ನಾನು ಕಾರ್ಡು ತೆರೆದೆ. ನನ್ನ ಪಾಠವನ್ನು ಅವಳು ಗಂಭೀರವಾಗಿ ಕೇಳಿದಳು.

"ಸಮುದ್ರ ಬಂದರೆ ಫ್ಯಾಕ್ಟರಿಗೆ ರಜೆ ಉಂಟಲ್ವಾ ಬಾಯಮ್ಮ," ಎಂದಳು ಕೊನೆಗೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು.

"ರಜೆ ಫ್ಯಾಕ್ಟರಿಗೆ. ಮಾತ್ರೆಗೆ ಇಲ್ಲ ಮಾರಾಯ್ತಿ," ಎಂದೆ. ಅವಳು ಆಗಲೇ ನನಗೆ ಇಷ್ಟವಾಗಿದ್ದಳು.

ನಾಲ್ಕನೆಯ ವಾರದ ಒಂದು ಬುಧವಾರ ಅವಳು ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಹೋಗದೆ ಕೌಂಟರಿನ ಹತ್ತಿರ ನಿಂತಳು. ಮೈ ತುರಿಸುತ್ತದೆ ಎಂದಳು. ಮುಂಗೈಯಲ್ಲಿ, ಕುತ್ತಿಗೆಯಲ್ಲಿ ಕೆಂಪು ಚುಕ್ಕೆಗಳಿದ್ದವು. ನಾನು ಅವಳ ಕಪ್ಪು ಬೆರಳುಗಳನ್ನು ನೋಡಿದೆ, ಮತ್ತೇನನ್ನೂ ನೋಡಲಿಲ್ಲ.

"ಬೀಜದ ಎಣ್ಣೆ. ಬೂದಿ ಸರಿಯಾಗಿ ಹಚ್ಚು," ಎಂದು ತುರಿಕೆಗೆ ಹಚ್ಚುವ ಕ್ಯಾಲಮೈನ್ ಬಾಟಲಿ ಕೊಟ್ಟೆ.

ಅವಳು ಬಾಟಲಿ ತೆಗೆದುಕೊಳ್ಳಲಿಲ್ಲ. "ಹತ್ತು ವರ್ಷ ಆಯ್ತು ಬಾಯಮ್ಮ ನಾನು ಬೀಜ ಒಡೆಯುವುದು. ಎಣ್ಣೆ ತಾಗಿದರೆ ಉರಿಯುವುದು, ತುರಿಸುವುದಲ್ಲ. ಮತ್ತೆ ಇದು ಬೆನ್ನಲ್ಲಿ ಕೂಡ ಉಂಟು. ಎಣ್ಣೆ ಬೆನ್ನಿಗೆ ಹಾರುವುದಿಲ್ಲ."

ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ತಿಂಗಳೊಪ್ಪತ್ತು ಕಳೆದ ಮೇಲೆ ಮಾತ್ರೆ ಬಿಡಲು ನೆಪ ಹುಡುಕುವವರನ್ನು ನಾನು ಎಷ್ಟೋ ಕಂಡಿದ್ದೆ. ಇವಳೂ ಅದೇ ದಾರಿ ಹಿಡಿದಳೆಂದು ನನಗೆ ಸಿಟ್ಟು ಬಂತು.

"ನನಗೆ ಕಲಿಸುವುದು ಬೇಡ. ತುರಿಕೆ ಅಂತ ಮಾತ್ರೆ ಬಿಟ್ಟರೆ ನೋಡು, ನಿನ್ನ ಮನೆಗೇ ಬರ್ತೇನೆ," ಎಂದೆ. ಅವಳು ಬಾಟಲಿ ತೆಗೆದುಕೊಂಡು ಹೋದಳು. ನಾನು ಕಾರ್ಡಿನಲ್ಲಿ ಆ ದಿನದ ಚೌಕದೊಳಗೆ ಗುರುತು ಹಾಕಿದೆ. ಕಾರ್ಡಿನಲ್ಲಿ ಅದಕ್ಕಷ್ಟೇ ಜಾಗವಿತ್ತು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಆ ಮಾತ್ರೆ ಕೆಲವರ ಚರ್ಮವನ್ನು ಕೆಡಿಸಬಹುದೆಂದು ನನಗೆ ಗೊತ್ತಿತ್ತು. ಡಬ್ಬದೊಳಗಿನ ಚೀಟಿಯಲ್ಲಿ ಅದು ಅಚ್ಚಾಗಿತ್ತು. ಮೈಮೇಲೆ ಏನಾದರೂ ಎದ್ದರೆ ನಿಲ್ಲಿಸಿ ತಮಗೆ ತಿಳಿಸಬೇಕೆಂದು ಡಾಕ್ಟರೂ ಹೇಳಿದ್ದರು. ಒಂದಿಬ್ಬರಿಗೆ ತುರಿಕೆ ಬಂದು ತಾನಾಗಿ ಹೋದದ್ದನ್ನು ನೋಡಿ ನಾನು ಆ ಮಾತನ್ನು ತಲೆಯ ಒಂದು ಮೂಲೆಗೆ ತಳ್ಳಿದ್ದೆ. ಶುಕ್ರವಾರ ಡಾಕ್ಟರು ಬಂದಾಗಲೂ ಅವಳ ವಿಷಯ ಎತ್ತಲಿಲ್ಲ. ಎಣ್ಣೆಯ ಗುಳ್ಳೆಗೆ ಡಾಕ್ಟರು ಯಾಕೆ?

ಸೋಮವಾರ ಬೆಳಿಗ್ಗೆ ಅವಳ ಪಕ್ಕದಲ್ಲೇ ಕುಳಿತು ಬೀಜ ಒಡೆಯುವ ಗೆಳತಿ ದವಾಖಾನೆಗೆ ಓಡಿ ಬಂದಳು. ಶನಿವಾರದಿಂದ ಅವಳು ಕೆಲಸಕ್ಕೆ ಬಂದಿಲ್ಲ, ಕಣ್ಣು ಬಿಡಲಿಕ್ಕೆ ಆಗುವುದಿಲ್ಲ, ಬಾಯಿ ತುಂಬ ಹುಣ್ಣು ಎಂದಳು. ಬಾಯಿ ಎಂದ ಕೂಡಲೇ ನಾನು ಎದ್ದು ನಿಂತೆ. ಗೇರೆಣ್ಣೆ ಯಾರ ಬಾಯಿಯೊಳಗೂ ಹೋಗುವುದಿಲ್ಲ.

ದವಾಖಾನೆಗೆ ಬೀಗ ಹಾಕಿ ಟ್ಯಾಕ್ಸಿ ಮಾಡಿಕೊಂಡು ಹೋದೆ. ಚಾವಡಿಯಲ್ಲಿ ಚಾಪೆಯ ಮೇಲೆ ಬಾಳೆಎಲೆ ಹಾಸಿ, ಎಲೆಗೆ ತೆಂಗಿನೆಣ್ಣೆ ಸವರಿ ಅವಳನ್ನು ಮಲಗಿಸಿದ್ದರು. ಮುಖ ಬಾತಿತ್ತು. ರೆಪ್ಪೆಗಳು ಅಂಟಿಕೊಂಡಿದ್ದವು. ತುಟಿಯ ಮೇಲೆ ಕಪ್ಪು ಹಕ್ಕಳೆ ಕಟ್ಟಿತ್ತು. ಮಗ್ಗುಲಿಗೆ ತಿರುಗಿಸಿ ನೋಡಿದೆ. ಬೆನ್ನಿನ ಚರ್ಮ ಬಿಸಿನೀರಿಗೆ ಹಾಕಿದ ಟೊಮೇಟೊದ ಸಿಪ್ಪೆಯ ಹಾಗೆ ಸಡಿಲಾಗಿ ಜಾರುತ್ತಿತ್ತು. ಮೈ ಸುಡುವಷ್ಟು ಜ್ವರ.

ಅವಳ ತಾಯಿ ನನ್ನನ್ನು ನೋಡಿದ ಕೂಡಲೇ ಹೇಳಿದ್ದು ಇಷ್ಟು. "ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ ಬಾಯಮ್ಮ. ಗಂಟಲಲ್ಲಿ ಇಳಿಯುವುದಿಲ್ಲ ಅಂದಳು. ಅರೆದು ಗಂಜಿತಿಳಿಯಲ್ಲಿ ಹಾಕಿ ಕುಡಿಸಿದೆ. ಇವತ್ತೂ ಕುಡಿಸಿದೆ."

ಗೋಡೆಯ ಕ್ಯಾಲೆಂಡರು ನೋಡಿದೆ. ಬುಧವಾರದ ನಂತರ ಐದು ಗೆರೆ. ಕೊನೆಯದು ಅಂದಿನದ್ದು, ತಾಯಿ ಸೊಟ್ಟಗೆ ಎಳೆದದ್ದು. ನಾನು ಹೇಳಿಕೊಟ್ಟದ್ದನ್ನು ಇಷ್ಟು ನಿಷ್ಠೆಯಿಂದ ಯಾರೂ ಮಾಡಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಮೊದಲ ಬಾರಿ ಹೇಸಿಗೆ ಅನ್ನಿಸಿತು. ಆದರೆ ಅದಕ್ಕೆಲ್ಲ ಆಗ ಹೊತ್ತಿರಲಿಲ್ಲ. ಮಾತ್ರೆಯ ಪೊಟ್ಟಣವನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ.

ಟ್ಯಾಕ್ಸಿಯ ಹಿಂದಿನ ಸೀಟಿಗೆ ಹೊಸ ಬಾಳೆಎಲೆ ಹಾಸಿ ಅವಳನ್ನು ಮಲಗಿಸಿದೆವು. ಹಿರಿಯಡ್ಕದ ಮೇಲಿಂದ ಮಣಿಪಾಲಕ್ಕೆ ಹೋಗುವ ತನಕ ನಾನು ಕೆಳಗೆ ಮಂಡಿಯೂರಿ ಅವಳ ತಲೆ ಹಿಡಿದುಕೊಂಡಿದ್ದೆ. ಮಣಿಪಾಲದ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ. ಪೊಟ್ಟಣ ಕೊಟ್ಟೆ. ಎರಡನೆಯದು, ಎಂದಿನಿಂದ ತುರಿಕೆ. ಬುಧವಾರ ಎಂದೆ. ಯಾರಿಗೆ ಹೇಳಿದ್ದಳು ಎಂಬುದು ಮೂರನೆಯದು. ನನಗೆ ಎಂದೆ. ಅವರು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಬರೆಯುವುದನ್ನು ಮುಂದುವರಿಸಿದರು. ಬಾಳೆಎಲೆಯಲ್ಲಿ ಮಲಗಿಸಿದ್ದು ಒಳ್ಳೆಯದಾಯಿತು, ಬಟ್ಟೆಯಾಗಿದ್ದರೆ ಚರ್ಮ ಕಿತ್ತುಕೊಂಡು ಬರುತ್ತಿತ್ತು ಎಂದರು. ಅದು ತಾಯಿಯ ಬುದ್ಧಿ, ನನ್ನದಲ್ಲ.

ಎಲ್ಲ ಔಷಧ ನಿಲ್ಲಿಸಿದರು. ಸಲೈನು, ಸ್ಟೀರಾಯ್ಡು, ಸುಟ್ಟ ಗಾಯದವರಿಗೆ ಮಾಡುವ ಹಾಗೆ ಮೈಯ ಆರೈಕೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಣ್ಣು. ರೆಪ್ಪೆಯ ಒಳಭಾಗ ಗುಡ್ಡೆಗೆ ಅಂಟಿಕೊಂಡರೆ ದೃಷ್ಟಿಯೇ ಹೋಗಬಹುದು. ಗಂಟೆಗೊಮ್ಮೆ ಹನಿ ಬಿಡಬೇಕು. ದಿನಕ್ಕೆ ಕೆಲವು ಸಲ ಕಣ್ಣಿನ ಡಾಕ್ಟರು ಮುಲಾಮು ಸವರಿದ ಗಾಜಿನ ಕಡ್ಡಿಯನ್ನು ರೆಪ್ಪೆಯ ಅಡಿಯಲ್ಲಿ ಮೆಲ್ಲಗೆ ಎಳೆದು ಬಿಡಿಸುತ್ತಿದ್ದರು. ಮೂರು ದಿನ ಯಾರೂ ಬದುಕುತ್ತಾಳೆಂದು ಹೇಳಲಿಲ್ಲ. ನಾನು ಮಧ್ಯಾಹ್ನದ ತನಕ ದವಾಖಾನೆ ನಡೆಸಿ ಒಂದೂವರೆಯ ಬಸ್ಸಿಗೆ ಮಣಿಪಾಲಕ್ಕೆ ಹೋಗಿ, ಸಂಜೆಯ ತನಕ ಹನಿ ಬಿಡುತ್ತಿದ್ದೆ. ತಾಯಿಗೆ ಅಷ್ಟು ಹೊತ್ತಾದರೂ ಕಣ್ಣು ಮುಚ್ಚಲು ಸಿಗಲಿ ಎಂದು.

ನಾಲ್ಕನೆಯ ದಿನ ಜ್ವರ ಇಳಿಯಿತು. ಏಳನೆಯ ದಿನ ಅವಳು ಕಣ್ಣು ಬಿಟ್ಟು ಕಿಟಕಿಯನ್ನು ನೋಡಿದಳು, ಆಮೇಲೆ ನನ್ನನ್ನು. ಏನೂ ಹೇಳಲಿಲ್ಲ. ಬಾಯಿಯ ಹುಣ್ಣು ವಾಸಿಯಾಗಿರಲಿಲ್ಲ ಎಂದು ನಾನು ಅಂದುಕೊಂಡೆ. ಎರಡು ದಿನ ಬಿಟ್ಟು ತಾಯಿಯ ಹತ್ತಿರ ಚೆನ್ನಾಗಿ ಮಾತಾಡುತ್ತಿದ್ದಳು, ನಾನು ಹೋದ ಕೂಡಲೇ ಸುಮ್ಮನಾದಳು. ಆಗ ಗೊತ್ತಾಯಿತು.

ಮೂರು ವಾರಕ್ಕೆ ಮನೆಗೆ ಕಳಿಸಿದರು. ಚರ್ಮ ಹೊಸದಾಗಿ ಬಂದಿತ್ತು, ಕಣ್ಣು ಉಳಿದಿತ್ತು. ಕಫದಲ್ಲಿ ಕೆಂಪು ಕಡ್ಡಿಗಳೂ ಉಳಿದಿದ್ದವು. ಈಗ ಅವಳ ಜೀವಕ್ಕೆ ಕುತ್ತು ಮಾತ್ರೆಯಿಂದಲ್ಲ, ಮಾತ್ರೆ ಇಲ್ಲದ್ದರಿಂದ. ಥಯಾಸಿಟಜೋನ್ ಇನ್ನು ಜನ್ಮದಲ್ಲಿ ಕೂಡದು, ಆದರೆ ಬೇರೆ ಔಷಧಗಳನ್ನು ಒಂದೊಂದಾಗಿ ಪರೀಕ್ಷಿಸಿ ಕೊಡಬಹುದೆಂದು ಮಣಿಪಾಲದ ಡಾಕ್ಟರು ಕ್ರಮ ಬರೆದು ಕೊಟ್ಟಿದ್ದರು. ಆ ಕಾಗದ ಹಿಡಿದು ಅವಳ ಮನೆಗೆ ಹೋದೆ.

"ಬೇಡ," ಎಂದಳು ಅವಳು. ನನ್ನೊಡನೆ ಆಡಿದ ಮೊದಲ ಮಾತು ಅದು. "ಕೆಮ್ಮಿ ಸಾಯುವುದಾದರೆ ಮೈಯಲ್ಲಿ ಚರ್ಮ ಇಟ್ಟುಕೊಂಡು ಸಾಯ್ತೇನೆ."

ನಾನು ಹೇಳಬೇಕೆಂದುಕೊಂಡು ಹೋದ ಮಾತುಗಳೆಲ್ಲ ಮಾತ್ರೆಯ ಬಗ್ಗೆ ಇದ್ದವು. ಕಾಗದ ಮಡಚಿಕೊಂಡು ಎದ್ದು ಬಂದೆ.

ಅಷ್ಟರಲ್ಲಿ ದವಾಖಾನೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಅವಳಿಗೆ ಏನಾಯಿತೆಂದು ಎಲ್ಲರಿಗೂ ತಿಳಿದಿತ್ತು. ಯಾಕಾಯಿತು ಎಂಬುದಕ್ಕೆ ಊರೆಲ್ಲ ಒಂದೇ ಉತ್ತರ, ಬೀಜದ ಎಣ್ಣೆ. ಹುರಿಯುವ ಡ್ರಮ್ಮು ಸಿಡಿದು ಮೈಮೇಲೆ ಬಿತ್ತಂತೆ ಎಂದು ಕೂಡ ಕೆಲವರು ಸೇರಿಸಿದ್ದರು. ಬೆಂಚಿನ ಮೇಲೆ ಕುಳಿತ ರೋಗಿಗಳಲ್ಲಿ ಅರ್ಧ ಜನ ಅದೇ ಬಿಳಿ ಮಾತ್ರೆ ನುಂಗುವವರು, ಅದರಲ್ಲೂ ನಾಲ್ಕೈದು ಮಂದಿ ಬೀಜದ ಫ್ಯಾಕ್ಟರಿಯವರು. ಎಣ್ಣೆಯೆಂದೇ ಅವರೂ ನಂಬಿ ಎಂದಿನಂತೆ ಪೊಟ್ಟಣ ಒಯ್ಯುತ್ತಿದ್ದರು.

"ಹಾಗೇ ಇರ್ಲಿ ಸಿಸ್ಟರ್," ಎಂದರು ಡಾಕ್ಟರು ಶುಕ್ರವಾರ. ಅವರು ಒಳ್ಳೆಯ ಮನುಷ್ಯ, ನನ್ನನ್ನು ಒಂದು ಮಾತು ಬೈದಿರಲಿಲ್ಲ. "ಇದು ಬರುವುದು ಅಪರೂಪ. ನಾನೇ ಇಷ್ಟು ಜೋರಾಗಿ ಬಂದದ್ದು ನೋಡಿದ್ದು ಇದು ಮೊದಲು. ಮಾತ್ರೆಯಿಂದ ಅಂತ ನೀವು ಹೇಳಿದರೆ ಮುಂದಿನ ತಿಂಗಳು ಈ ಬೆಂಚು ಖಾಲಿ. ಬಿಟ್ಟು ಹೋದವರು ಎಷ್ಟು ಜನ ಸಾಯ್ತಾರೆ, ಲೆಕ್ಕ ಹಾಕಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಂದು ತಿಂಗಳ ಹಿಂದೆಯಾಗಿದ್ದರೆ ಅವರಿಗಿಂತ ಮೊದಲು ನಾನೇ ಅದನ್ನು ಹೇಳುತ್ತಿದ್ದೆ.

"ಡಾಕ್ಟ್ರೇ, ಅವಳು ನನಗೆ ಹೇಳಿದ್ದಳು," ಎಂದೆ. "ಎಣ್ಣೆ ಅಲ್ಲ ಅಂತ ಇಲ್ಲೇ ನಿಂತು ಹೇಳಿದ್ದಳು. ನಾಳೆ ಇನ್ನೊಬ್ಬಳ ಬೆನ್ನಲ್ಲಿ ಎದ್ದರೆ ಅವಳು ಅದನ್ನೂ ಹೇಳುವುದಿಲ್ಲ. ಎಣ್ಣೆ ಅಂತಲೇ ತಿಳಿದು ಮಾತ್ರೆ ನುಂಗ್ತಾಳೆ. ನಾನು ಕಲಿಸಿದ್ದು ಹಾಗೆ."

"ಬೆಂಚು ಖಾಲಿಯಾದರೆ?"

"ಆಗಲಿ. ಎಲ್ಲರ ಮನೆಯೂ ನನಗೆ ಗೊತ್ತುಂಟು."

ಅವರು ಪೆನ್ನಿನ ಕ್ಯಾಪು ಮುಚ್ಚಿದರು. ಆಮೇಲೆ, "ಹಾಗಾದರೆ ಅರ್ಧ ಹೇಳಬೇಡಿ. ಹೇಳುವುದಾದರೆ ಪೂರ್ತಿ ಹೇಳಿ," ಎಂದರು.

ಮೊದಲು ಅವಳ ಮನೆಗೆ ಹೋದೆ, ಅವಳ ವಿಷಯ ಹೇಳಬಹುದೇ ಎಂದು ಕೇಳಲು. ತಾಯಿಯೂ ಅಲ್ಲೇ ಇದ್ದರು. ಕಾಗದ, ಮಾತ್ರೆ ಯಾವುದನ್ನೂ ಒಯ್ದಿರಲಿಲ್ಲ. "ಬುಧವಾರ ನೀನು ಸರಿಯಾಗಿ ಹೇಳಿದ್ದಿ. ನಾನು ನೋಡಲಿಲ್ಲ. ನಿನ್ನ ಬೆನ್ನಿನ ಸೆರಗು ಸರಿಸಿ ನೋಡಿದ್ದರೆ ಸಾಕಿತ್ತು. ತಪ್ಪು ನನ್ನದು, ನಿನ್ನ ಅಮ್ಮನದ್ದಲ್ಲ," ಎಂದೆ. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ಅಷ್ಟು ದಿನವೂ ಅವರು ಗಂಜಿತಿಳಿಯಲ್ಲಿ ಮಾತ್ರೆ ಅರೆದ ತಮ್ಮ ಕೈಯನ್ನೇ ಶಪಿಸುತ್ತಿದ್ದರೆಂದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಅವಳು ಅಳಲಿಲ್ಲ. "ಹೇಳಿ," ಎಂದಳು. "ಹೆಸರೂ ಹೇಳಿ. ಹೇಗೂ ಎಲ್ಲರಿಗೂ ಗೊತ್ತುಂಟು."

ತಿಂಗಳ ಮಾತ್ರೆ ಒಯ್ಯುವ ದಿನ ಬೆಂಚು ತುಂಬಿತ್ತು. ನಾನು ಕೌಂಟರಿನ ಹಿಂದಿನಿಂದ ಹೊರಗೆ ಬಂದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಣ್ಣೆಯಲ್ಲ, ನಾನು ಕೊಟ್ಟ ಮಾತ್ರೆ. ಅವಳು ಹೇಳಿದಳು, ನಾನು ಕೇಳಲಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ಬಹಳ ಅಪರೂಪ. ಆದರೆ ಹಾಗೇನಾದರೂ ಆದರೆ, ಮೊದಲ ದಿನವೇ ನಿಲ್ಲಿಸಬೇಕು. ಆಮೇಲೆ ಬೀಜದ ಫ್ಯಾಕ್ಟರಿಯ ಹೆಂಗಸರನ್ನು ಕೇಳಿದೆ, ಎಣ್ಣೆ ನಿಮಗೆ ಎಲ್ಲೆಲ್ಲಿ ತಾಗುತ್ತದೆ? ಬೆರಳು, ಮಣಿಕಟ್ಟು, ಮಂಡಿ, ಬೆವರು ಒರೆಸಿಕೊಂಡರೆ ಹಣೆ, ಎಂದು ಒಬ್ಬೊಬ್ಬರಾಗಿ ಹೇಳಿದರು. ಎಲ್ಲಿ ತಾಗುವುದಿಲ್ಲ? ಬೆನ್ನು, ಹೊಟ್ಟೆ, ಕಂಕುಳು, ಬಾಯಿಯ ಒಳಗೆ. ಅಲ್ಲಿ ಏನಾದರೂ ಕಂಡರೆ ಅಂದಿನ ಮಾತ್ರೆ ನುಂಗದೆ ಅದೇ ದಿನ ಇಲ್ಲಿಗೆ ಬನ್ನಿ, ಬೇರೆ ಮಾತ್ರೆ ಉಂಟು, ಎಂದೆ.

"ಸಮುದ್ರ ಬಂದರೆ ಬಾಯಮ್ಮ?" ಎಂದು ಹಿಂದಿನಿಂದ ಒಬ್ಬ ಮುದುಕರು ಕೇಳಿದರು.

"ಸಮುದ್ರ ಬಂದರೆ ನಿಲ್ಲಿಸಬೇಡಿ. ಮೈಯಲ್ಲಿ ಎದ್ದರೆ ನಿಲ್ಲಿಸಿ," ಎಂದೆ. ಕೆಲವರು ನಕ್ಕರು.

ಬೆಂಚು ಖಾಲಿಯಾಗಲಿಲ್ಲ. ಮೂರು ಜನ ಪೊಟ್ಟಣ ಒಯ್ಯದೆ ಹೋದರು. ಅವರಲ್ಲಿ ಇಬ್ಬರನ್ನು ಆ ವಾರದಲ್ಲೇ ಮನೆಗೆ ಹೋಗಿ ಮಾತಾಡಿ ಕರೆತಂದೆ. ಮೂರನೆಯವರು ಬೊಂಬಾಯಿಗೆ ಹೋಗಿದ್ದರು, ಸಿಗಲಿಲ್ಲ. ಅವರ ನೆನಪು ಈಗಲೂ ಚುಚ್ಚುತ್ತದೆ. ಡಾಕ್ಟರ ಮಾತಿನಲ್ಲಿ ತಪ್ಪಿರಲಿಲ್ಲ ಎಂದೆನಲ್ಲ, ಅದಕ್ಕೆ.

ಆ ದಿನದ ಸುದ್ದಿಯನ್ನು ಫ್ಯಾಕ್ಟರಿಯ ಗೆಳತಿ ಹೋಗಿ ಅವಳಿಗೆ ಮುಟ್ಟಿಸಿದ್ದಳು. ಎರಡು ದಿನದ ಮೇಲೆ ತಾಯಿ ದವಾಖಾನೆಗೆ ಬಂದು, ಮಗಳು ಕರೆಯುತ್ತಾಳೆ ಎಂದರು.

ಅವಳು ಜಗಲಿಯಲ್ಲಿ ಕುಳಿತಿದ್ದಳು. ಕೆಮ್ಮು ಹೆಚ್ಚಾಗಿತ್ತು. "ತೆಗೊಳ್ತೇನೆ," ಎಂದಳು. "ಆದರೆ ಒಂದು ಮಾತುಂಟು. ನಾನು ನಿಲ್ಲಿಸಿ ಅಂದ ಕೂಡಲೇ ನಿಲ್ಲಿಸಬೇಕು. ಯಾಕೆ, ಎಂತ ಅಂತ ಕೇಳ್ಲಿಕ್ಕಿಲ್ಲ."

ಒಪ್ಪಿದೆ. ನನ್ನಂಥವಳಿಗೆ ಅದು ಸುಲಭದ ಮಾತಾಗಿರಲಿಲ್ಲ.

ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಅವಳ ಮನೆ. ಐಸೋನಿಯಾಜಿಡ್ ಒಂದೇ, ಅದೂ ಮೊದಲ ದಿನ ಬ್ಲೇಡಿನಿಂದ ಕತ್ತರಿಸಿದ ಒಂದು ಚೂರು. ಚೂರು ನುಂಗಿದ ಮೇಲೆ ನಾನು ಒಂಬತ್ತರವರೆಗೆ ಅಲ್ಲೇ ಕುಳಿತಿರುತ್ತಿದ್ದೆ. ತಾಯಿ ಚಹಾ ಕೊಡುತ್ತಿದ್ದರು. ಕಣ್ಣು, ಬಾಯಿ, ಬೆನ್ನು, ಹೊಟ್ಟೆ, ಜ್ವರ, ಎಲ್ಲವನ್ನೂ ನೋಡಿ ಬರೆಯುತ್ತಿದ್ದೆ. ಎರಡನೆಯ ದಿನ ಸ್ವಲ್ಪ ದೊಡ್ಡ ಚೂರು, ಮೂರನೆಯ ದಿನ ಇಡೀ ಮಾತ್ರೆ. ಏನೂ ಆಗಲಿಲ್ಲ. ನನಗೆ ಗೆಲುವಿನ ವಾಸನೆ ಬಡಿದಿತ್ತು.

ನಾಲ್ಕನೆಯ ದಿನ ಕಾಗದದ ಪ್ರಕಾರ ಎರಡನೆಯ ಔಷಧ, ಎಥಾಂಬ್ಯುಟಾಲ್, ಶುರುವಾಗಬೇಕಿತ್ತು. ನಾನು ನೀರಿನ ಲೋಟ ಕೊಡುವಷ್ಟರಲ್ಲಿ ಅವಳು, "ನಿಲ್ಲಿಸಿ," ಎಂದಳು.

"ಎಂತ..." ಎಂದು ಬಾಯಿ ತೆರೆದವಳು ಮುಚ್ಚಿಕೊಂಡೆ.

ಬೆನ್ನು ತುರಿಸುತ್ತದೆ ಎಂದಳು ಅವಳೇ. ನೋಡಿದೆ. ಹೊಸ ಚರ್ಮ, ನಸುಗೆಂಪು, ನಯ. ಒಂದೂ ಚುಕ್ಕೆಯಿಲ್ಲ. ಕೈಯಿಂದ ಸವರಿದೆ, ಬೆಳಕಿಗೆ ತಿರುಗಿಸಿ ನೋಡಿದೆ, ಇಲ್ಲ. ಹೆದರಿಕೆಯ ತುರಿಕೆ ಎಂದು ನನ್ನ ಇಷ್ಟು ವರ್ಷದ ಅನುಭವ ಕೂಗಿ ಹೇಳುತ್ತಿತ್ತು. ಒಂದು ದಿನ ತಪ್ಪಿದರೆ ಇವಳು ಮತ್ತೆ ಎಂದೂ ಮಾತ್ರೆ ಮುಟ್ಟಲಿಕ್ಕಿಲ್ಲ ಎಂದೂ ಹೇಳುತ್ತಿತ್ತು. ಆ ಅನುಭವವೇ ಬುಧವಾರವೂ ಮಾತಾಡಿತ್ತು. ಮಾತ್ರೆಯನ್ನು ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿದೆ. "ಆಯ್ತು, ನಿಲ್ಲಿಸಿದೆ," ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನಿಜಕ್ಕೂ ನಿಲ್ಲಿಸಿದಿರಾ?"

"ನಿಲ್ಲಿಸಿದೆ. ನಾಳೆ ಏಳಕ್ಕೆ ಬರ್ತೇನೆ, ಮಾತ್ರೆ ಕೊಡ್ಲಿಕ್ಕಲ್ಲ, ಬೆನ್ನು ನೋಡ್ಲಿಕ್ಕೆ."

ಮರುದಿನ ಬೆನ್ನು ನೋಡಿದೆ. ಅದರ ಮರುದಿನವೂ ನೋಡಿದೆ. ಚುಕ್ಕೆ ಬರಲಿಲ್ಲ, ತುರಿಕೆ ಹೋಗಿತ್ತು. ಮಾತ್ರೆಯ ವಿಷಯ ನಾನು ಎತ್ತಲಿಲ್ಲ. ನಾಲಗೆ ಕಚ್ಚಿಕೊಂಡು ಚಹಾ ಕುಡಿದು ಬಂದೆ. ಮೂರನೆಯ ದಿನ ನಾನು ಕುಳಿತುಕೊಳ್ಳುವ ಮೊದಲೇ ಅವಳು ಲೋಟದಲ್ಲಿ ನೀರು ತಂದಿಟ್ಟು, "ಕೊಡಿ," ಎಂದಳು. ಅಲ್ಲಿಂದ ಮುಂದೆ ಅವಳು ಒಮ್ಮೆಯೂ ನಿಲ್ಲಿಸಿ ಎನ್ನಲಿಲ್ಲ. ನಾನು ನಿಲ್ಲಿಸುತ್ತೇನೆ ಎಂಬುದು ಅವಳಿಗೆ ಗೊತ್ತಾಗಿತ್ತು, ಅಷ್ಟೇ ಬೇಕಾಗಿತ್ತು.

ಎಥಾಂಬ್ಯುಟಾಲ್ ಒಗ್ಗಿತು. ಕೊನೆಯಲ್ಲಿ ಸ್ಟ್ರೆಪ್ಟೊಮೈಸಿನ್ ಅನ್ನೂ ಸೂಜಿಮೊನೆಯಷ್ಟರಿಂದ ಶುರು ಮಾಡಿ ಪೂರ್ತಿ ಮಟ್ಟಕ್ಕೆ ತಂದೆವು. ಮೂರನೆಯ ತಿಂಗಳ ಕೊನೆಗೆ ಅವಳ ಕಫದ ಗಾಜಿನಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ತುದಿಯಿಂದ ಈ ತುದಿಯವರೆಗೆ ಎರಡು ಸಲ ಹುಡುಕಿದೆ. ಒಂದು ಕೆಂಪು ಕಡ್ಡಿಯೂ ಸಿಗಲಿಲ್ಲ. ಅವಳನ್ನು ಕರೆದು ತೋರಿಸಿದೆ. "ಎಂತ ಉಂಟು? ಎಂತ ಇಲ್ಲ," ಎಂದಳು ಕಣ್ಣು ಕಿರಿದು ಮಾಡಿ. "ಅದೇ ಮಾರಾಯ್ತಿ, ಎಂತ ಇಲ್ಲ," ಎಂದೆ. ಆ ದಿನ ಇಬ್ಬರೂ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆವು. ಫ್ಯಾಕ್ಟರಿಯಲ್ಲಿ ಅವಳಿಗೆ ಬೀಜದ ಒಳಸಿಪ್ಪೆ ಸುಲಿಯುವ ವಿಭಾಗದಲ್ಲಿ ಕೆಲಸ ಕೊಟ್ಟರು. ಅಲ್ಲಿ ಎಣ್ಣೆ ಇಲ್ಲ.

ಈ ನಡುವೆ ನಾನು ದವಾಖಾನೆಯ ಕಾರ್ಡನ್ನು ಬದಲಿಸಿದ್ದೆ. ಗುರುತು ಹಾಕುವ ಚೌಕಗಳ ಕೆಳಗೆ ಸ್ಕೇಲಿಟ್ಟು ಉದ್ದಕ್ಕೆ ಒಂದು ಗೆರೆ ಎಳೆದು, ಬದಿಯಲ್ಲಿ ರೋಗಿಯ ಮಾತು ಎಂದು ಬರೆಯುತ್ತಿದ್ದೆ. ರೋಗಿ ಹೇಳಿದ್ದನ್ನು ನನ್ನ ಜಾಣತನ ಸೇರಿಸದೆ, ಅವರದೇ ಮಾತಿನಲ್ಲಿ ಅಲ್ಲಿ ಬರೆಯಬೇಕು. ಡಾಕ್ಟರು ಬಂದ ದಿನ ಮೊದಲು ಓದುತ್ತಿದ್ದದ್ದು ಆ ಸಾಲನ್ನು. ಕೆಲವು ವರ್ಷಗಳ ಮೇಲೆ ಏಡ್ಸ್ ಎಂಬ ಹೆಸರು ನಮ್ಮ ಕಡೆಗೂ ಬಂತು. ಆ ರೋಗದವರಿಗೆ ಕ್ಷಯವೂ ತಗಲಿದರೆ ಈ ಬಿಳಿ ಮಾತ್ರೆ ಅವರ ಚರ್ಮವನ್ನು ಬೇರೆಯವರಿಗಿಂತ ಬಹಳ ಹೆಚ್ಚಾಗಿ ಕೆಡಿಸುತ್ತದೆ, ಕೊಡಬಾರದು ಎಂದು ದೊಡ್ಡ ಡಾಕ್ಟರುಗಳು ಹೇಳತೊಡಗಿದರು. ಅದನ್ನು ಕೇಳಿದಾಗ ನನಗೆ ನೆನಪಾದದ್ದು ಆ ಐದು ಪೆನ್ಸಿಲಿನ ಗೆರೆಗಳು. ಆದರೆ ನಾನು ಹೇಳಿ ಮುಗಿಸಬೇಕೆಂದಿರುವುದು ಅದಕ್ಕಿಂತ ಮೊದಲಿನ ಒಂದು ದಿನವನ್ನು.

ಅವಳ ಚಿಕಿತ್ಸೆಯ ಕೊನೆಯ ದಿನ. ಒಂದೂವರೆ ವರ್ಷ ಮುಗಿದಿತ್ತು. ಕಾರ್ಡಿಗೆ ಸಹಿ ಹಾಕಿ ಕಳಿಸಬೇಕೆಂದು ಪೆನ್ನು ತೆಗೆದಿಟ್ಟುಕೊಂಡು ಕಾಯುತ್ತಿದ್ದೆ. ಅವಳು ಒಬ್ಬಳೇ ಬರಲಿಲ್ಲ. ಹದಿನೆಂಟು ವರ್ಷದ ಒಬ್ಬಳ ಕೈ ಹಿಡಿದು ಎಳೆದುಕೊಂಡು ಬಂದಳು. ಬೀಜ ಒಡೆಯುವ ವಿಭಾಗದವಳು, ಮೂರು ವಾರದ ಹಿಂದೆ ನಾನೇ ಬಿಳಿ ಮಾತ್ರೆ ಶುರು ಮಾಡಿದವಳು. ಅವಳ ಬೆರಳು, ಮುಂಗೈ ಎಲ್ಲ ಎಣ್ಣೆಯಿಂದ ಸುಟ್ಟು ಕಪ್ಪಾಗಿತ್ತು.

"ಎಂತದ್ದೂ ಇಲ್ಲ ಬಾಯಮ್ಮ, ಎಣ್ಣೆ ತಾಗಿದ್ದು. ಇವಳು ಸುಮ್ಮನೆ ಕೆಲಸದಿಂದ ಎಬ್ಬಿಸಿಕೊಂಡು ಬಂದಳು," ಎಂದಳು ಹೊಸಬಳು.

ನಾನು ಅವಳ ಕೈ ನೋಡಲಿಲ್ಲ. ತಿರುಗಿ ನಿಲ್ಲಲು ಹೇಳಿ, ಬೆನ್ನಿನ ಮೇಲಿನ ಬಟ್ಟೆ ಸರಿಸಿದೆ. ಭುಜದೆಲುಬಿನ ಕೆಳಗೆ ಕೆಂಪು ಚುಕ್ಕೆಗಳು, ಹತ್ತೋ ಹನ್ನೆರಡೋ. ಬಾಯಿ ತೆರೆಸಿದೆ, ಒಳಗೆ ಇನ್ನೂ ಏನೂ ಇರಲಿಲ್ಲ. ಇವತ್ತಿನ ಮಾತ್ರೆ ನುಂಗಿದೆಯಾ ಎಂದು ಕೇಳಿದೆ.

"ನುಂಗ್ಲಿಕ್ಕೆ ಬಿಡಲಿಲ್ಲ ಇವಳು," ಎಂದಳು. ಅವಳ ಪೊಟ್ಟಣ ಆಗಲೇ ನನ್ನ ಹಳೆಯ ರೋಗಿಯ ಮುಷ್ಟಿಯೊಳಗಿತ್ತು. ಕೌಂಟರಿನ ಮೇಲೆ ಅದನ್ನು ಇಟ್ಟಳು.

ಹೊಸಬಳ ಕಾರ್ಡು ತೆಗೆದು, ನಿಲ್ಲಿಸಲಾಗಿದೆ ಎಂದು ಬರೆದೆ. ಆಮೇಲೆ ಕೆಳಗಿನ ಗೆರೆಗೆ ಪೆನ್ನು ತಂದು ಅವಳನ್ನು ಕೇಳಿದೆ, "ನೀನು ಎಂತ ಹೇಳ್ತಿ?"

"ನನಗೆ ಎಂತ ಗೊತ್ತು? ಇವಳನ್ನೇ ಕೇಳಿ."

ನಾನು ತಲೆಯೆತ್ತಿ ನನ್ನ ಹಳೆಯ ರೋಗಿಯನ್ನು ನೋಡಿದೆ. ಅವಳು ಕೌಂಟರಿನ ಆಚೆ, ಆ ಬುಧವಾರ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಸ್ವಲ್ಪ ಮುಂದೆ ಬಗ್ಗಿ, ನಾನು ಬರೆಯುವ ವೇಗಕ್ಕೆ ಹೊಂದಿಸಿಕೊಂಡು, ಅಂದು ಹೇಳಿದ್ದ ಮಾತನ್ನೇ ಒಂದೊಂದೇ ಪದ ಬಿಡಿಸಿ ಹೇಳಿದಳು. ನಾನು ಒಂದಕ್ಷರವನ್ನೂ ಬದಲಿಸದೆ ಬರೆದುಕೊಂಡೆ.